ಬಿಳಿಯ ಬಳಗ

ಒಂದು ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ ನಡೆದ ಮಾತು. ವಿದ್ಯಾರ್ಥಿಯೊಬ್ಬನು ತನ್ನ ಊರಿನ ಅಡುಗೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ‘ಬಳ್ಳೊಳ್ಳಿ’ ಎಂದು ನಾಲ್ಕು ಸಲ ಬರೆದಿದ್ದನು. ನಾನು ನಾಲ್ಕು ಸಲವೂ ಕೆಂಪು ಗೀಟು ಎಳೆದು, ಪಕ್ಕದಲ್ಲಿ ‘ಬೆಳ್ಳುಳ್ಳಿ’ ಎಂದು ಬರೆದು, ಒಂದು ಅಂಕವನ್ನು ಕಳೆದೆ. ಹುಡುಗ ಯಾದಗಿರಿಯ ಕೊಂಕಲ್ಲಿನವನು. ಮರುದಿನ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಬಂದ. “ಸರ, ನಮ್ಮೂರಾಗ ಎಲ್ಲಾರೂ ಹಿಂಗ ಅಂತಾರ್ರಿ. ನಮ್ಮ ಆಯಿನೂ ಹಿಂಗ ಅಂತಾಳ. ಅದು ತಪ್ಪು ಹೆಂಗಾತ್ರಿ?” ಎಂದು ಕೇಳಿದ. ಧಾರ್ಷ್ಟ್ಯದಿಂದ ಕೇಳಿದ್ದಲ್ಲ, ತಿಳಿಯಬೇಕೆಂದೇ ಕೇಳಿದ್ದು. ನಾನು, “ಬೆಳ್ ಅಂದರೆ ಬಿಳಿ, ಉಳ್ಳಿ ಅಂದರೆ ಗಡ್ಡೆ. ಬಿಳಿಯ ಉಳ್ಳಿ ಬೆಳ್ಳುಳ್ಳಿ. ಬಳ್ ಅಂದರೆ ಏನೂ ಇಲ್ಲ” ಎಂದು ಹೇಳಿ ಕಳಿಸಿದೆ.

ಉತ್ತರವೇನೋ ಸರಿಯಾಗಿಯೇ ಇತ್ತು. ಆದರೂ ಮನಸ್ಸಿಗೆ ಒಗ್ಗಲಿಲ್ಲ. ಆ ರಾತ್ರಿ ಬೇರೊಂದು ಕೆಲಸಕ್ಕೆಂದು ಲ್ಯಾಟಿನ್ ಭಾಷೆಯ ‘ಆಲ್ಬುಸ್’ ಎಂಬ ಶಬ್ದವನ್ನು ನೋಡಬೇಕಾಗಿ ಬಂತು. ಅಲ್ಲಿಂದ ನನ್ನ ಕೆಂಪು ಗೀಟಿನ ಬಗೆಗೆ ನನಗೇ ಸಂಶಯ ಹುಟ್ಟಿತು.

ಆಲ್ಬುಸ್ ಎಂದರೆ ಬಿಳಿ, ಹೊಳಪಿಲ್ಲದ ಬಿಳಿ. ಹೊಳೆಯುವ ಬಿಳುಪಿಗೆ ರೋಮನರಲ್ಲಿ ‘ಕಾಂದಿದುಸ್’ ಎಂಬ ಬೇರೆ ಮಾತಿತ್ತು. ಚುನಾವಣೆಗೆ ನಿಂತವರು ಉಡುಪನ್ನು ಸೀಮೆಸುಣ್ಣದಿಂದ ಬೆಳ್ಳಗೆ ಮಾಡಿಕೊಂಡು ತಿರುಗುತ್ತಿದ್ದುದರಿಂದ ಇಂಗ್ಲಿಷಿನ ‘ಕ್ಯಾಂಡಿಡೇಟ್’ ಹುಟ್ಟಿತು. ನಮ್ಮ ಅಭ್ಯರ್ಥಿಗಳೂ ಬಿಳಿಯ ಬಟ್ಟೆಯನ್ನು ಬಿಟ್ಟವರಲ್ಲ. ಆಲ್ಬುಸ್‌ನ ಸಂತಾನವೂ ನಮ್ಮ ಮನೆಗಳಲ್ಲಿ ಸೇರಿಕೊಂಡಿದೆ. ರೋಮಿನ ಅಧಿಕಾರಿಗಳು ಪ್ರಕಟಣೆಗಳನ್ನು ಬರೆದು ನಿಲ್ಲಿಸುತ್ತಿದ್ದ ಬಿಳಿಯ ಹಲಗೆಯ ಹೆಸರು ‘ಆಲ್ಬುಂ’. ಇಂದು ಮದುವೆಯ ಫೋಟೋಗಳನ್ನು ಅಂಟಿಸಿಡುವ ಆಲ್ಬಂ ಅದೇ. ಮೊಟ್ಟೆಯ ಬಿಳಿಗೆ ‘ಆಲ್ಬುಮೆನ್’. ಮೂತ್ರಪರೀಕ್ಷೆಯ ಚೀಟಿಯಲ್ಲಿ ಡಾಕ್ಟರರು ಬರೆಯುವ ಆಲ್ಬುಮಿನ್ ಅದರ ಮರಿ.

ಇಷ್ಟೆಲ್ಲ ಮಕ್ಕಳನ್ನು ಹೆತ್ತ ಶಬ್ದವು ತನ್ನ ಸ್ವಂತ ಮನೆಯಲ್ಲಿ ಏನಾಯಿತು? ಸ್ವಾರಸ್ಯವಿರುವುದು ಇಲ್ಲಿಯೇ. ಲ್ಯಾಟಿನ್ನಿನಿಂದ ಹುಟ್ಟಿದ ಫ್ರೆಂಚಿನಲ್ಲಿ ಬಿಳಿಗೆ ‘ಬ್ಲಾಂ’, ಸ್ಪ್ಯಾನಿಷಿನಲ್ಲಿ ‘ಬ್ಲಾಂಕೊ’, ಇಟಾಲಿಯನ್ನಿನಲ್ಲಿ ‘ಬಿಯಾಂಕೊ’, ಪೋರ್ಚುಗೀಸಿನಲ್ಲಿ ‘ಬ್ರಾಂಕು’. ಇವಾವುವೂ ಆಲ್ಬುಸ್‌ನ ಮಕ್ಕಳಲ್ಲ. ಉತ್ತರದಿಂದ ಬಂದ ಜರ್ಮನ್ ಕುಲದವರ ಬಾಯಲ್ಲಿದ್ದ, ‘ಹೊಳೆಯುವ’ ಎಂಬ ಅರ್ಥದ ಒಂದು ಮಾತು ಹಳೆಯ ಯಜಮಾನನನ್ನು ಹೊರಗೆ ಹಾಕಿ ಮನೆಯನ್ನು ಹಿಡಿಯಿತು. ಬಣ್ಣದ ಹೆಸರಾಗಿ ಆಲ್ಬುಸ್ ಉಳಿದುಕೊಂಡದ್ದು ಅಂಚಿನಲ್ಲಿ: ಪೂರ್ವದ ರುಮೇನಿಯಾದವರು ಇಂದಿಗೂ ಬಿಳಿಗೆ ‘ಆಲ್ಬ್’ ಎನ್ನುತ್ತಾರೆ, ಸ್ವಿಟ್ಜರ್ಲೆಂಡಿನ ಬೆಟ್ಟಗಳ ರೋಮಾಂಶ್ ಭಾಷೆಯಲ್ಲಿ ‘ಆಲ್ವ್’ ಎಂದಿದೆ. ಹೊರಗಾದವನು ಉಳಿದ ಕಡೆ ಸಾಯಲಿಲ್ಲ, ಬೆಳಗಿನ ಜಾವದಲ್ಲಿ ಅಡಗಿದ. ಇಟಲಿಯಲ್ಲಿಯೂ ಸ್ಪೇನಿನಲ್ಲಿಯೂ ಅರುಣೋದಯಕ್ಕೆ ‘ಆಲ್ಬಾ’ ಎನ್ನುತ್ತಾರೆ. ಫ್ರೆಂಚರು ಅದನ್ನು ಸವೆಸಿ ಸವೆಸಿ ‘ಓಬ್’ ಮಾಡಿದ್ದಾರೆ. ಲಕಾರವೇ ಕರಗಿಹೋಗಿದೆ. ಹಾಗೆಂದು ಪ್ಯಾರಿಸ್ಸಿನ ಯಾವ ಮೇಷ್ಟರೂ ‘ಓಬ್’ಗೆ ಕೆಂಪು ಗೀಟು ಎಳೆದು ‘ಆಲ್ಬಾ’ ಎಂದು ತಿದ್ದುವುದಿಲ್ಲ.

ಅರ್ಥವೂ ಸುಮ್ಮನೆ ಕುಳಿತಿರುವುದಿಲ್ಲ. ಇಂಗ್ಲಿಷಿನ ‘ಆಬರ್ನ್’ ಎಂಬುದು ಮೂಲತಃ ಬೆಳ್ಳಗಿನ ಕೂದಲನ್ನು ಹೇಳುತ್ತಿತ್ತು. ಅದೂ ಆಲ್ಬುಸ್‌ನ ವಂಶದ್ದೇ. ‘ಬ್ರೌನ್’ ಎಂಬ ಮಾತಿನ ದನಿ ಅದರಲ್ಲಿ ಕೇಳಿಸಿದ್ದರಿಂದ ಜನ ಅದನ್ನು ಕಂದಿಗೆಂಪಿಗೆ ಹಚ್ಚಿದರು. ಬಿಳಿಯೇ ಕಂದಾಯಿತು!

ಇನ್ನು ನಮ್ಮ ಮನೆಗೆ ಬರೋಣ. ದ್ರಾವಿಡದ ಮೂಲಧಾತು ‘ವೆಳ್’. ತಮಿಳರ ವೆಳ್ಳೈ, ಮಲಯಾಳಿಗಳ ವೆಳುಪ್ಪು ಇದರಿಂದ ಬಂದವು. ಕನ್ನಡದಲ್ಲಿ ಶಬ್ದದ ಮೊದಲ ವಕಾರ ಬಕಾರವಾಗುವುದು ವಾಡಿಕೆ: ತಮಿಳಿನ ವೇರ್ ನಮ್ಮಲ್ಲಿ ಬೇರು, ವಿಡು ನಮ್ಮಲ್ಲಿ ಬಿಡು. ಹಾಗೆ ವೆಳ್ ‘ಬೆಳ್’ ಆಯಿತು. ಮುಂದೆ ಇಕಾರ ಬಂದರೆ ಎಕಾರವೂ ಇಕಾರಕ್ಕೆ ತಿರುಗುತ್ತದೆ: ತಮಿಳಿನ ಚೆವಿ ನಮ್ಮ ಕಿವಿ. ಅದೇ ಹಾದಿಯಲ್ಲಿ ಬೆಳ್ ‘ಬಿಳಿ’ಯಾಯಿತು. ತುಳುವರು ಇನ್ನೊಂದು ದಾರಿ ಹಿಡಿದರು. ಅವರ ಬೆಳ್ಳಿ ‘ಬೊಳ್ಳಿ’, ಬೆಳಕು ‘ಬೊಳ್ಪು’.

ಬೆಳ್ಳಿ, ಬೆಳಕು, ಬೆಳಗು, ಬೆಳದಿಂಗಳು, ಬೆಳ್ಳಕ್ಕಿ ಇವೆಲ್ಲ ಒಂದೇ ಒಲೆಯ ಬೂದಿ. ಶ್ರವಣಬೆಳಗೊಳದ ‘ಬೆಳ್ಗೊಳ’ ಬಿಳಿಯ ಕೊಳ. ಅಲ್ಲಿನ ಶಾಸನಕಾರರೇ ಅದನ್ನು ಸಂಸ್ಕೃತಕ್ಕೆ ತಿರುಗಿಸಿ ಶ್ವೇತಸರೋವರ, ಧವಳಸರೋವರ ಎಂದು ಕರೆದಿದ್ದಾರೆ. ಎಳ್ಳಿನ ನೆಯ್ ಎಣ್ಣೆಯಾದಂತೆ ಬಿಳಿಯ ನೆಯ್ ‘ಬೆಣ್ಣೆ’ಯಾಯಿತು. ಬೆಣ್ಣೆಯಲ್ಲಿ ಳಕಾರವೂ ಇಲ್ಲ, ಬಿಳಿಯ ಗುರುತೂ ಇಲ್ಲ. ಆದರೂ ಅದನ್ನು ‘ಬೆಳ್ನೆಯ್’ ಎಂದು ತಿದ್ದುವ ಧೈರ್ಯ ನನಗಿಲ್ಲ. ದನಿ ಹೋಲಿತೆಂದು ಎಲ್ಲವನ್ನೂ ಈ ಬಳಗಕ್ಕೆ ಸೇರಿಸಬಾರದು ಎಂಬ ಎಚ್ಚರವೂ ಬೇಕು. ಹೊಲದ ‘ಬೆಳೆ’ ತಮಿಳಿನ ವಿಳೈ. ಅದಕ್ಕೂ ಬಿಳಿಗೂ ನಂಟಿಲ್ಲ.

ಮೇಲಿನ ಪಟ್ಟಿಯಲ್ಲಿ ವಾಚಕರು ಒಂದನ್ನು ಗಮನಿಸಿರಬಹುದು. ರೋಮಿನ ಬಿಳಿ ‘ಆಲ್ಬಾ’ ಎಂಬ ಮುಂಜಾವಾಯಿತು. ನಮ್ಮ ಬಿಳಿ ‘ಬೆಳಗು’ ಆಯಿತು. ಎರಡು ಕುಲಗಳಿಗೂ ರಕ್ತಸಂಬಂಧವಿಲ್ಲ. ಆದರೆ ಕತ್ತಲು ಹರಿದು ಮೂಡಲದಲ್ಲಿ ಮೊದಲು ಕಾಣುವುದು ಅಲ್ಲಿಯೂ ಇಲ್ಲಿಯೂ ಬಿಳಿಯೇ.

ದಸರೆಯ ರಜೆಯಲ್ಲಿ ಆ ಹುಡುಗನ ಕರೆಯ ಮೇಲೆ ಕೊಂಕಲ್ಲಿಗೆ ಹೋದೆ. ಮನೆಗೆ ಸುಣ್ಣ ಹಚ್ಚುವ ಕೆಲಸ ನಡೆದಿತ್ತು. ಕೆಲಸಕ್ಕೆ ಬಂದವನು ನಾರಾಯಣಪೇಟೆಯ ಕಡೆಯ ತೆಲುಗಿನವನು. ಈ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದಲ್ಲಿತ್ತು. ತೆಲುಗು, ಉರ್ದು, ಕನ್ನಡ ಮೂರೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡುವ ನೆಲ. ಅವನು ಗೋಡೆಯನ್ನು ತೋರಿಸಿ ‘ತೆಲ್ಲಗಾ’ ಆಯಿತು ಎಂದ. ನನಗೆ ಕೂಡಲೇ ಫ್ರೆಂಚರ ‘ಬ್ಲಾಂ’ ನೆನಪಾಯಿತು. ತೆಲುಗಿನಲ್ಲಿಯೂ ಬಣ್ಣದ ಗದ್ದುಗೆಯಿಂದ ವೆಳ್ ಇಳಿದಿದೆ. ಅಲ್ಲಿ ಕುಳಿತಿರುವ ‘ತೆಲ್ಲ’ವನ್ನು ಬರೋ ಮತ್ತು ಎಮೆನೋ ತಮ್ಮ ದ್ರಾವಿಡ ನಿಘಂಟಿನಲ್ಲಿ (1961, ಎರಡನೆಯ ಆವೃತ್ತಿ 1984) ನಮ್ಮ ‘ತಿಳಿ’ಯ ಜೊತೆಗೆ ಇಟ್ಟಿದ್ದಾರೆ. ತಿಳಿನೀರಿನ ತಿಳಿಯೇ ಅಲ್ಲಿ ಬಿಳಿ. ಇಳಿದ ವೆಳ್ ಎಲ್ಲಿ ಹೋಯಿತು? ಬೆಳ್ಳಿಗೆ ‘ವೆಂಡಿ’, ಬೆಣ್ಣೆಗೆ ‘ವೆನ್ನ’, ಬೆಳಕಿಗೆ ‘ವೆಲುಗು’, ಬೆಳದಿಂಗಳಿಗೆ ‘ವೆನ್ನೆಲ’. ಸುಣ್ಣ ಹಚ್ಚುವುದಕ್ಕೇ ‘ವೆಲ್ಲ ವೇಯು’ ಎಂಬ ಮಾತಿದೆ. ಗೋಡೆಗೆ ಹಚ್ಚುವಾಗ ವೆಲ್ಲ, ಹಚ್ಚಿದ ಮೇಲೆ ತೆಲ್ಲ!

ಓಣಿಯಲ್ಲಿ ಹೋಗುತ್ತಿದ್ದ ಸಾಹೇಬರೊಬ್ಬರು ಗೋಡೆಯನ್ನು ನೋಡಿ ‘ಸಫೇದ್’ ಎಂದು ಮೆಚ್ಚಿದರು. ಪಾರಸಿಯಿಂದ ಬಂದ ಆ ಸಫೇದ್, ಸಂಸ್ಕೃತದ ಶ್ವೇತ, ಇಂಗ್ಲಿಷಿನ ವೈಟ್ ಇವು ಮೂರೂ ಒಂದೇ ತಾಯಿಬೇರಿನ ಚಿಗುರುಗಳೆಂದು ಸಾರುವ ಆಸೆಯಾಯಿತು. ಸುಣ್ಣದ ಡಬ್ಬಿಗಳ ನಡುವೆ ಉಪನ್ಯಾಸ ಬೇಡವೆಂದು ಸುಮ್ಮನಾದೆ.

ಊಟಕ್ಕೆ ಕರೆದರು. ಬಿಳಿಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾದ ಹಿಂಡಿ. ಆಯಿ ಒಳಕಲ್ಲಿನ ಮುಂದೆ ಕುಳಿತು ಖಾರ ಕುಟ್ಟುತ್ತಿದ್ದರು. “ಮಾಸ್ತರ, ಬೆಣ್ಣಿ ಹಾಕ್ಕೋರಿ” ಎಂದರು. ಬಳಿಕ ಮೊಮ್ಮಗನಿಗೆ, “ಇನ್ನೆರಡು ಬಳ್ಳೊಳ್ಳಿ ಎಸಳು ಕೊಡು” ಎಂದರು. ಹುಡುಗ ನನ್ನ ಮುಖ ನೋಡಿದ. ಆಯಿಯ ಬಾಯಲ್ಲಿ ಎಕಾರವು ಅಕಾರಕ್ಕೆ ಜಾರಿದೆ, ಉಕಾರವು ಒಕಾರಕ್ಕೆ ಇಳಿದಿದೆ. ಆಲ್ಬಾ ಓಬ್ ಆಗುವುದಕ್ಕೆ ಹೋಲಿಸಿದರೆ ಇದು ಎಷ್ಟರ ಸವೆತ? ‘ಬಳ್ ಅಂದರೆ ಏನೂ ಇಲ್ಲ’ ಎಂದು ನಾನು ಹೇಳಿದ್ದು ತಪ್ಪು. ಬಳ್ ಎಂದರೂ ಬಿಳಿಯೇ. ಬರವಣಿಗೆಯಲ್ಲಿ ಬೆಳ್ಳುಳ್ಳಿ ಎಂದು ಬರೆಯಬೇಕೆಂಬ ಕಟ್ಟಳೆಯನ್ನು ಇಂದಿಗೂ ಒಪ್ಪುತ್ತೇನೆ. ಕನ್ನಡನಾಡಿನವರೆಲ್ಲ ಓದಿ ತಿಳಿಯಲು ಒಂದು ರೂಪ ಬೇಕು. ಆದರೆ ಹುಡುಗ ಕೇಳಿದ್ದು ಕಟ್ಟಳೆಯನ್ನಲ್ಲ.

ಊಟವಾದ ಮೇಲೆ ಅವನಿಗೂ ಆಯಿಗೂ ಇದನ್ನೆಲ್ಲ ಹೇಳಿದೆ. ಆಯಿ ಒಂದು ಎಸಳನ್ನು ಬೆಳಕಿಗೆ ಹಿಡಿದು ನೋಡಿ, “ಬೆಳ್ಳಗ ಐತಿ ಖರೆ” ಎಂದರು. ಹುಡುಗ ಮಾತ್ರ, “ಹಂಗಾರ ಆ ಒಂದು ಮಾರ್ಕು, ಸರ?” ಎಂದ. ಅಂಕಪಟ್ಟಿ ಆಗಲೇ ಕಛೇರಿಗೆ ಹೋಗಿ ಮೂರು ವಾರವಾಗಿತ್ತು.