ಹೊಸ ಊರಿನ ಸರ್ಕಾರಿ ಶಾಲೆ: ಇನ್ನೂರು ವರ್ಷಗಳಿಂದ ಅಳೆದವರು ಏನೇನು ನೋಡಿದರು?

ಮೇ ತಿಂಗಳು ಮುಗಿಯುತ್ತಾ ಬಂದಂತೆ ನಮ್ಮ ಬಳಗದವರಿಗೆಲ್ಲ ಒಂದೇ ಬಗೆಯ ಫೋನು ಬರಲು ಶುರುವಾಗುತ್ತದೆ. "ನಿಮ್ಮ ತಾಲ್ಲೂಕಿಗೆ ವರ್ಗ ಆಗಿದೆ, ಅಲ್ಲಿ ಸರ್ಕಾರಿ ಶಾಲೆ ಹೇಗಿದೆ? ಮಕ್ಕಳನ್ನ ಸೇರಿಸಬಹುದಾ?" ಕೇಳುವವರು ಲೈನ್‌ಮನ್, ನರ್ಸ್, ಬಸ್ ಕಂಡಕ್ಟರ್, ಬ್ಯಾಂಕಿನ ಗುಮಾಸ್ತರು. ಹಳ್ಳಿ ಸುದ್ದಿ ಬರೆಯುವವರಿಗೆ ಊರಿನ ಶಾಲೆ ಗೊತ್ತಿರುತ್ತದೆ ಎಂಬ ನಂಬಿಕೆ. ಉತ್ತರ ಹೇಳುವುದು ಮಾತ್ರ ಕಷ್ಟ. ಶಾಲೆ "ಚೆನ್ನಾಗಿದೆ" ಎನ್ನಲು ಏನನ್ನು ನೋಡಬೇಕು ಎಂಬುದೇ ತಕರಾರಿನ ವಿಷಯ. ಆ ತಕರಾರು ನಮ್ಮ ನೆಲದಲ್ಲಿ ಎಷ್ಟು ಹಳೆಯದು ಎಂದು ಹುಡುಕುತ್ತಾ ಹೋದರೆ ಬಳ್ಳಾರಿಗೆ ಹೋಗಿ ನಿಲ್ಲುತ್ತೇವೆ.

1822ರ ಜೂನ್‌ನಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೊ ತನ್ನ ಜಿಲ್ಲಾ ಕಲೆಕ್ಟರುಗಳಿಗೆಲ್ಲ ನಿಮ್ಮಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳಿದ್ದಾರೆ, ಲೆಕ್ಕ ಕೊಡಿ ಎಂದು ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಕಳಿಸಿದ. 9,27,857 ಜನರಿದ್ದ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಸಾವಿರ ಜನಕ್ಕೆ ಏಳು ಮಕ್ಕಳು, ಶಾಲೆಗೊಂದಕ್ಕೆ ಹನ್ನೆರಡು ಹದಿಮೂರು ಮಂದಿ. 235 ಶಾಲೆ ಕನ್ನಡದವು, 226 ತೆಲುಗಿನವು. ಸಂಸ್ಕೃತ ಮತ್ತು ಮರಾಠಿ ತಲಾ 23, ಪಾರ್ಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಈಗ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ಇದೆಯೇ ಎಂದೇ ಮೊದಲು ಕೇಳುವ ಕಾಲದಲ್ಲಿ ಆ ಒಂದು ಎಂಬ ಅಂಕಿ ನೋಡಿ ನಗು ಬರುತ್ತದೆ.

ಕ್ಯಾಂಪ್‌ಬೆಲ್‌ನ ವರದಿಯ ಬೆಲೆ ಇರುವುದು ಅಂಕಿಯಲ್ಲಲ್ಲ. ಆತ ಎಣಿಸಿ ಸುಮ್ಮನಾಗಲಿಲ್ಲ, ಕಲಿಕೆ ಹೇಗೆ ನಡೆಯುತ್ತದೆ ಎಂದೂ ನೋಡಿದ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದು, ಇಷ್ಟು ಕಡಿಮೆ ಖರ್ಚಿನಲ್ಲಿ ಇದೆಲ್ಲ ನಡೆಯುವುದು ಅವನಿಗೆ ಮೆಚ್ಚುಗೆಯಾಯಿತು. ಮೆಚ್ಚಿಕೊಂಡೇ ಒಂದು ಕಟುವಾದ ಮಾತನ್ನೂ ಬರೆದ. ಮಕ್ಕಳು ರಾಶಿ ರಾಶಿ ಪದ್ಯ ಒಪ್ಪಿಸುತ್ತಾರೆ, ಆದರೆ ಅದರ ಅರ್ಥ ಗಿಳಿಗೆ ಗೊತ್ತಿರುವುದಕ್ಕಿಂತ ಹೆಚ್ಚು ಅವರಿಗೆ ಗೊತ್ತಿಲ್ಲ ಎಂಬುದು ಅದರ ಸಾರ. ಪದ್ಯದ ಹಳೆಯ ಭಾಷೆ ಬೇರೆ, ಮನೆಯ ಆಡುಮಾತು ಬೇರೆ. ಶಾಲೆಗಳು ಯಾಕೆ ಕ್ಷೀಣಿಸುತ್ತಿವೆ ಎಂಬುದಕ್ಕೂ ಆತ ಮೇಷ್ಟರನ್ನು ದೂರಲಿಲ್ಲ. ವಿಲಾಯತಿ ಬಟ್ಟೆ ಬಂದು ನೇಯುವವರ ಕಸುಬು ಕುಸಿದಿದೆ, ಜನ ಬಡವರಾಗಿದ್ದಾರೆ, ಮಗುವಿನ ಕೈಕಾಲಿಗೆ ಶಕ್ತಿ ಬಂದ ಕೂಡಲೇ ದುಡಿಮೆಗೆ ಕಳಿಸಬೇಕಾಗಿದೆ ಎಂದ. ಕಂಪನಿ ಸರ್ಕಾರದ ನೌಕರನೊಬ್ಬ ಕಂಪನಿಗೇ ಬರೆದ ಮಾತಿದು. ಇವತ್ತಿನ ಎಷ್ಟೋ ತಪಾಸಣಾ ವರದಿಗಳಿಗಿಂತ ಇದು ಮೇಲು ಎಂದು ನಮಗನ್ನಿಸುತ್ತದೆ.

ಶಾಲೆ ಚೆನ್ನಾಗಿದೆಯೇ ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ: ಯಾರಿಗೆ ಚೆನ್ನಾಗಿದೆ? 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ್ ಹುಡುಗನೊಬ್ಬನ ಅರ್ಜಿ ಬಂತು. ಫೀಜು ಕೊಡಲು ಆತ ಸಿದ್ಧನಿದ್ದ. ಬೊಂಬಾಯಿ ಸರ್ಕಾರ ನ್ಯಾಯ ಹುಡುಗನ ಕಡೆಗೇ ಇದೆ ಎಂದು ಒಪ್ಪಿತು, ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಡುತ್ತಾರೆ ಎಂಬ ಅಂಜಿಕೆಯಲ್ಲಿ ಬಾಗಿಲು ತೆಗೆಯಲಿಲ್ಲ. ಎರಡು ವರ್ಷದ ಮೇಲೆ, 1858ರಲ್ಲಿ, ಲಂಡನ್ನಿನ ನಿರ್ದೇಶಕರ ಮಂಡಳಿ ಸರ್ಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕೆಂದು ತತ್ವ ಹೇಳಿತು. ತತ್ವ ಹಾಳೆಯಿಂದ ಊರಿಗೆ ಇಳಿಯಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆ ಹುಡುಗನ ಮನೆಯವರ ಪಾಲಿಗೆ ಧಾರವಾಡದ ಶಾಲೆಯ ಗುಣಮಟ್ಟ ಎಂದರೆ ಹೊಸ್ತಿಲು ದಾಟಲು ಬಿಡುತ್ತಾರೋ ಇಲ್ಲವೋ ಎಂಬುದಷ್ಟೇ. ಬಿಸಿಯೂಟದ ಅಡುಗೆ ಇಂಥವರು ಮಾಡುತ್ತಾರೆಂದು ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿ ನಮ್ಮ ಕಾಲದಲ್ಲೂ ಬಂದಿದೆ. ಹಾಗಾಗಿ ಯಾರಾದರೂ ಕೇಳಿದಾಗ, ಊಟದ ಹೊತ್ತಿಗೆ ಹೋಗಿ ಸಾಲು ಹೇಗೆ ಕೂರುತ್ತದೆ ನೋಡಿ ಎಂದು ನಾವು ಮೊದಲು ಹೇಳುತ್ತೇವೆ.

1854ರ ವುಡ್ ಸುತ್ತೋಲೆಯ ನಂತರ ಶಿಕ್ಷಣ ಇಲಾಖೆ ಬಂತು, ಇಲಾಖೆಯ ಜೊತೆಗೆ ಇನ್‌ಸ್ಪೆಕ್ಟರ್ ಬಂದ. ಧಾರವಾಡದ ಕಡೆ ಡೆಪ್ಯುಟಿ ಚನ್ನಬಸಪ್ಪನವರ ಹೆಸರಿನ ಹಿಂದೆ ಅಂಟಿಕೊಂಡ 'ಡೆಪ್ಯುಟಿ' ಎಂಬುದು ಶಾಲೆ ನೋಡುವ ಆ ಹುದ್ದೆಯೇ. ಮರಾಠಿ ಮೇಲುಗೈಯಾಗಿದ್ದ ಪ್ರದೇಶದಲ್ಲಿ ಕನ್ನಡ ಶಾಲೆ ತೆರೆಸಲು ಅವರು ಆ ಹುದ್ದೆಯನ್ನು ಬಳಸಿಕೊಂಡರು. ಎಲ್ಲ ಇನ್‌ಸ್ಪೆಕ್ಟರರೂ ಅಂಥವರಾಗಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇಲಾಖೆಯ ಲೆಕ್ಕದ ಪದ್ಧತಿಯಲ್ಲಿತ್ತು.

1862ರಲ್ಲಿ ಇಂಗ್ಲೆಂಡ್ ಶಾಲೆಗಳಿಗೆ ಹೊಸ ನಿಯಮ ತಂದಿತು. ಇನ್‌ಸ್ಪೆಕ್ಟರ್ ಬಂದು ಓದು, ಬರಹ, ಲೆಕ್ಕದಲ್ಲಿ ಮಕ್ಕಳನ್ನು ಪರೀಕ್ಷಿಸಬೇಕು, ಪಾಸಾದ ತಲೆ ಎಣಿಸಿ ಅನುದಾನ ಕೊಡಬೇಕು. ಇದಕ್ಕೆ ಫಲಿತಾಂಶ ನೋಡಿ ಪಾವತಿ ಎಂದು ಹೆಸರು. ಕವಿ ಮ್ಯಾಥ್ಯೂ ಆರ್ನಲ್ಡ್ ತಾನೇ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವನು, ಈ ಪದ್ಧತಿ ಬೋಧನೆಯನ್ನು ಯಂತ್ರದಂತೆ ಮಾಡುತ್ತದೆ ಎಂದು ಬಲವಾಗಿ ವಿರೋಧಿಸಿದ. ಅದೇ ಪದ್ಧತಿ ಸ್ವಲ್ಪ ಕಾಲದಲ್ಲೇ ಮದ್ರಾಸ್ ಪ್ರಾಂತಕ್ಕೂ ಬಂತು. ಬಳ್ಳಾರಿ, ದಕ್ಷಿಣ ಕನ್ನಡ ಆಗ ಮದ್ರಾಸಿನ ಅಡಿಯಲ್ಲಿದ್ದವು. ಮೇಷ್ಟರ ಅನ್ನ ಮಗುವಿನ ಒಂದು ದಿನದ ಉತ್ತರದ ಮೇಲೆ ನಿಂತರೆ ಮೇಷ್ಟರು ಏನು ಮಾಡುತ್ತಾರೆ? ಪಾಸಾಗುವ ಮಗುವನ್ನು ಉಜ್ಜುತ್ತಾರೆ, ಆಗದ ಮಗುವನ್ನು ಹಿಂದೆ ಕೂರಿಸುತ್ತಾರೆ. ಕ್ಯಾಂಪ್‌ಬೆಲ್ ಕಂಡ ಗಿಳಿಗೆ ಈಗ ಸರ್ಕಾರವೇ ಕಾಳು ಹಾಕಿದಂತಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪದ್ಧತಿಯನ್ನು ಕೈಬಿಟ್ಟರು. ಆದರೆ ಇನ್‌ಸ್ಪೆಕ್ಟರ್ ಬರುವ ದಿನ ಗೋಡೆಗೆ ಸುಣ್ಣ, ಮಕ್ಕಳಿಗೆ ಮೊದಲೇ ಬಾಯಿಪಾಠ ಮಾಡಿಸಿದ ಉತ್ತರ, ಜಾಣ ಹುಡುಗನನ್ನು ಮುಂದಿನ ಸಾಲಿಗೆ ತರುವುದು ಎಲ್ಲ ಉಳಿದುಕೊಂಡವು. ನಮ್ಮ ಅಪ್ಪಂದಿರು ಹೇಳುವ ಶಾಲೆಯ ಕಥೆಗಳಲ್ಲಿ ಅರ್ಧ ಇವೇ.

ಈಗ ತಲೆ ಎಣಿಸುವ ಕೆಲಸ ಎಸ್‌ಎಸ್‌ಎಲ್‌ಸಿ ಶೇಕಡಾವಾರಿನದು. ಹೊಸ ಊರಿಗೆ ಹೋಗುವವರು ಮೊದಲು ಹಿಡಿಯುವುದು ಇದನ್ನೇ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89, ಚಿತ್ರದುರ್ಗ ಜಿಲ್ಲೆ ಮೊದಲ ಸ್ಥಾನ. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಹೆಚ್ಚಿಸಿದರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಚಿತ್ರದುರ್ಗ 21ನೇ ಸ್ಥಾನಕ್ಕೆ ಬಂತು. ಒಂದೇ ವರ್ಷದಲ್ಲಿ ಇಡೀ ಜಿಲ್ಲೆಯ ಮೇಷ್ಟರು, ಮಕ್ಕಳು ಬದಲಾಗಿರಲಾರರು. 2023ರ ಪಟ್ಟಿ ನೋಡಿ ಮನೆ ಮಾಡಿದವರು 2024ರ ಪಟ್ಟಿ ನೋಡಿ ಏನೆಂದುಕೊಂಡರೋ. ಯಾದಗಿರಿ ಎರಡೂ ವರ್ಷ ಕೊನೆಯಲ್ಲಿತ್ತು. ಅಲ್ಲಿ ಚೆನ್ನಾಗಿ ನಡೆಯುವ ಶಾಲೆಗಳೂ ಇವೆ, ಆದರೆ ಜಿಲ್ಲೆಯ ಹೆಸರು ಕೇಳಿದೊಡನೆ ವರ್ಗವಾದವರ ಮುಖ ಸಪ್ಪಗಾಗುತ್ತದೆ.

ಪರೀಕ್ಷೆ ಬಿಟ್ಟು ಬೇರೆ ರೀತಿ ಅಳೆಯುವ ಪ್ರಯತ್ನಗಳು ಕಳೆದ ಮೂವತ್ತು ವರ್ಷದಲ್ಲಿ ನಡೆದಿವೆ. ನಮಗೆ ಹೆಚ್ಚು ಪಾಠ ಕಲಿಸಿದ್ದು ತೀರಾ ಸರಳವಾದವು. 2003ರಲ್ಲಿ ದೇಶದ ಹಲವು ರಾಜ್ಯಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೇಳದೆ ಕೇಳದೆ ಹೋಗಿ ನೋಡಿದ ಅಧ್ಯಯನದಲ್ಲಿ ನಾಲ್ವರಲ್ಲಿ ಒಬ್ಬ ಶಿಕ್ಷಕರು ಶಾಲೆಯಲ್ಲಿರಲಿಲ್ಲ. 2005ರಿಂದ 'ಅಸರ್' ಸಮೀಕ್ಷೆಯವರು ಮನೆಮನೆಗೆ ಹೋಗಿ ಮಗುವಿನ ಕೈಗೆ ಎರಡನೇ ತರಗತಿಯ ಮಟ್ಟದ ಒಂದು ಪುಟ್ಟ ಕಥೆ ಕೊಟ್ಟು ಓದಿಸುತ್ತಾರೆ. ಗ್ರಾಮೀಣ ಭಾರತದ ಐದನೇ ತರಗತಿ ಮಕ್ಕಳಲ್ಲಿ ಅದನ್ನು ಓದಬಲ್ಲವರು 2018ರಲ್ಲಿ ಶೇ. 50.5 ಇದ್ದರು, ಕೋವಿಡ್ ನಂತರ 2022ರಲ್ಲಿ ಶೇ. 42.8. ಇದು ಸರ್ಕಾರಿ, ಖಾಸಗಿ ಎರಡೂ ಸೇರಿದ ಲೆಕ್ಕ. ಟೈ ಕಟ್ಟಿದ ಮಾತ್ರಕ್ಕೆ ಓದು ಬರುವುದಿಲ್ಲ.

ಒಂದು ಪುಟ ಓದಿಸುವುದು ಯಾವ ತಾಯಿತಂದೆಯೂ ಮಾಡಬಹುದಾದ ಕೆಲಸ. ಸೇರಿಸಬೇಕೆಂದಿರುವ ಶಾಲೆಯ ಓಣಿಯಲ್ಲಿ ಐದನೇ ಕ್ಲಾಸಿನ ಎರಡು ಮಕ್ಕಳನ್ನು ಮಾತಾಡಿಸಿ, ನಾಲ್ಕು ಸಾಲು ಓದಿಸಿ, ಓದಿದ್ದೇನು ಎಂದು ಅವರದೇ ಮಾತಿನಲ್ಲಿ ಕೇಳಿ. ಗಿಳಿಯೋ ಅಲ್ಲವೋ ಗೊತ್ತಾಗುತ್ತದೆ.

ಶಾಲೆಯೊಳಗೆ ಹೋದಾಗ ಕಣ್ಣು ಮೋಸ ಹೋಗುವ ಜಾಗಗಳೂ ಇವೆ. ಒಂದರಿಂದ ಮೂರನೇ ತರಗತಿಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದಾರೆ, ಮೇಷ್ಟರು ಸಾಲದು ಎಂದು ಹೊಸಬರು ಹೌಹಾರುತ್ತಾರೆ. ಅದು ನಲಿ-ಕಲಿ. ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಶಿಕ್ಷಕರೇ ಕಟ್ಟಿ ಬೆಳೆಸಿದ ಕ್ರಮ, ಆಮೇಲೆ ರಾಜ್ಯಕ್ಕೆಲ್ಲ ಹೋಯಿತು. ಮಕ್ಕಳು ಕಾರ್ಡು ಹಿಡಿದು ಗುಂಪಿನಿಂದ ಗುಂಪಿಗೆ ಓಡಾಡುತ್ತಿದ್ದರೆ ಒಳ್ಳೆಯ ಲಕ್ಷಣ, ಕಾರ್ಡು ಬೀರುವಿನಲ್ಲಿ ದೂಳು ತಿನ್ನುತ್ತಿದ್ದರೆ ಯೋಚಿಸಿ. ಇದಕ್ಕೆ ತಿರುಗುಮುರುಗಾದ ಮೋಸ ಶಿಕ್ಷಕ-ವಿದ್ಯಾರ್ಥಿ ಅನುಪಾತದಲ್ಲಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು. ಲೆಕ್ಕ ಸರಿ. ಆದರೆ ಐದು ತರಗತಿಗೆ ಇಬ್ಬರು, ಅದರಲ್ಲೊಬ್ಬರು ಮೀಟಿಂಗಿಗೆ ಬಿಇಒ ಕಚೇರಿಗೆ ಹೋದರೆ ಉಳಿಯುವುದು ಒಬ್ಬರೇ. ಆದ್ದರಿಂದ ಅನುಪಾತ ಕೇಳಬೇಡಿ. ಮಂಜೂರಾದ ಹುದ್ದೆ ಎಷ್ಟು, ಕಾಯಂ ಇರುವವರು ಎಷ್ಟು, ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು ಎಂದು ಕೇಳಿ. ಯುಡೈಸ್ ಜಾಲತಾಣದಲ್ಲಿ ಪ್ರತಿ ಶಾಲೆಯ ವರದಿ ಸಿಗುತ್ತದೆ. ಅದರಲ್ಲಿ ಶೌಚಾಲಯ ಇದೆ ಎಂದಿರುತ್ತದೆ, ಬೀಗದ ಕೈ ಯಾರ ಹತ್ತಿರ ಇದೆ ಎಂದಿರುವುದಿಲ್ಲ.

ಇದನ್ನೆಲ್ಲ ಕೇಳಲು ಸರಿಯಾದ ಜನ ಎಸ್‌ಡಿಎಂಸಿಯವರು. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಬಂದ ಈ ಸಮಿತಿಯಲ್ಲಿ ಇರುವವರು ಆ ಶಾಲೆಯ ಮಕ್ಕಳ ಪೋಷಕರೇ. ಕೆಲವು ಊರಲ್ಲಿ ಸಮಿತಿ ಸಹಿ ಹಾಕುವುದಕ್ಕೆ ಮಾತ್ರ, ಕೆಲವು ಕಡೆ ಮೇಷ್ಟರು ಒಂದು ದಿನ ತಡವಾದರೂ ಅಧ್ಯಕ್ಷೆ ಗೇಟಿನಲ್ಲಿ ನಿಂತಿರುತ್ತಾರೆ. ಕೊನೆಯ ಸಭೆ ಯಾವಾಗ ನಡೆಯಿತು ಎಂಬ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಇಷ್ಟೆಲ್ಲ ನೋಡಿ ಆರಿಸುವ ಅವಕಾಶ ಸಂಬಳದ ವರ್ಗಾವಣೆ ಇದ್ದವರಿಗೆ. ಕಾಫಿ ಕೊಯ್ಲಿಗೆಂದು ನವೆಂಬರಿನಲ್ಲಿ ಮಲೆನಾಡಿಗೆ ಬರುವ ಕುಟುಂಬಕ್ಕೆ ಲೈನ್‌ಮನೆಗೆ ಹತ್ತಿರದ ಶಾಲೆಯೇ ಶಾಲೆ, ಅದೂ ವರ್ಷದ ನಡುವೆ. ಅಂಥ ಮಗುವನ್ನು ಟಿಸಿ ಇಲ್ಲ ಎಂದು ವಾಪಸು ಕಳಿಸಿದ್ದು ನಿಮ್ಮ ಕಣ್ಣಿಗೆ ಬಿದ್ದರೆ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೆಡ್‌ಮಾಸ್ಟರಿಗೆ ತೋರಿಸಿ. ಟಿಸಿ ತಡವಾಯಿತು ಎಂಬ ಕಾರಣಕ್ಕೆ ಪ್ರವೇಶ ನಿಲ್ಲಿಸುವಂತಿಲ್ಲ, ನಿರಾಕರಿಸುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ.