ಕಿರುಸಾಲದ ಕಂಪನಿಗಳೂ ಹೈದರಾಬಾದಿನ ಸುಗ್ರೀವಾಜ್ಞೆಯೂ

2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಮೈಕ್ರೋಫೈನಾನ್ಸ್ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಾಗ ಊರ ಕಡೆಯ ಸ್ನೇಹಿತರು ಫೋನ್ ಮಾಡಿ, "ಇದರಿಂದ ಏನಾದರೂ ಆಗುತ್ತೇನ್ರೀ?" ಅಂತ ಕೇಳಿದರು. ಹೈದರಾಬಾದಿನಲ್ಲಿರುವವನು, ಅದರಲ್ಲೂ ಬ್ಯಾಂಕಿನವನು, ಇವನಿಗೆ ಗೊತ್ತಿರಬೇಕು ಅಂತ ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಈ ನಾಟಕದ ಮೊದಲ ಪ್ರಯೋಗ ನಡೆದದ್ದು ಇಲ್ಲೇ, 2010ರಲ್ಲಿ.

ಆಗ ದೇಶದ ಕಿರುಸಾಲ ವ್ಯವಹಾರದ ರಾಜಧಾನಿ ಅಂದರೆ ಹೈದರಾಬಾದೇ. ವಿಜಯ್ ಮಹಾಜನ್ ಅವರ ಬೇಸಿಕ್ಸ್, ವಿಕ್ರಮ್ ಆಕುಲ ಅವರ ಎಸ್‌ಕೆಎಸ್, ಉದಯ ಕುಮಾರ್ ಅವರ ಶೇರ್, ಗುಂಟೂರಿನಲ್ಲಿ ಶುರುವಾದ ಪದ್ಮಜಾ ರೆಡ್ಡಿಯವರ ಸ್ಪಂದನ, ಎಲ್ಲವೂ ಇಲ್ಲಿನವೇ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಮಾದರಿ: ಅಡಮಾನವಿಲ್ಲ, ಹೆಂಗಸರ ಗುಂಪು, ವಾರದ ಕಂತು, ಒಬ್ಬಳು ಕಟ್ಟದಿದ್ದರೆ ಉಳಿದವರ ತಲೆಗೆ.

ದುಡ್ಡು ಎಲ್ಲಿಂದ ಬರುತ್ತಿತ್ತು? ಹೆಚ್ಚಿನದು ಬ್ಯಾಂಕುಗಳಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಂಕು ಕೊಡುವ ಸಾಲದಲ್ಲಿ ನೂರಕ್ಕೆ 40 ಭಾಗ ಆದ್ಯತಾ ವಲಯಕ್ಕೆ, ಅಂದರೆ ಕೃಷಿ, ಸಣ್ಣ ಉದ್ದಿಮೆ, ಬಡವರು ಇಂಥವಕ್ಕೆ ಹೋಗಬೇಕು. ಗುರಿ ತಲುಪದಿದ್ದರೆ ಕಡಿಮೆಯಾದ ಮೊತ್ತವನ್ನು ನಬಾರ್ಡಿನ ನಿಧಿಯಲ್ಲಿ ಕಡಿಮೆ ಬಡ್ಡಿಗೆ ಇಡಬೇಕು. 2000ದಲ್ಲಿ ರಿಸರ್ವ್ ಬ್ಯಾಂಕು, ಕಿರುಸಾಲ ಸಂಸ್ಥೆಗೆ ಕೊಟ್ಟ ಹಣವೂ ಈ ಲೆಕ್ಕಕ್ಕೇ ಸೇರುತ್ತದೆ ಅಂದಿತು. ಹಳ್ಳಿ ಹಳ್ಳಿ ಅಲೆದು ಸಾವಿರಾರು ಸಣ್ಣ ಖಾತೆ ತೆರೆಯುವ ಬದಲು ಹೈದರಾಬಾದಿನ ಒಂದು ಆಫೀಸಿಗೆ ಒಂದು ದೊಡ್ಡ ಸಾಲ ಕೊಟ್ಟರೆ ಮಾರ್ಚ್ ಕೊನೆಯ ಗುರಿ ಮುಗಿಯಿತು! ಆ ಹಣ ವಸೂಲಾಗುವ ರೀತಿ ಬ್ಯಾಂಕಿನ ಫೈಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಮೊದಲ ಎಚ್ಚರಿಕೆ 2006ರಲ್ಲೇ ಬಂದಿತ್ತು. ಬಡ್ಡಿ, ಬಲವಂತದ ವಸೂಲಿಯ ದೂರು ಬಂದು ಕೃಷ್ಣಾ ಜಿಲ್ಲೆಯ ಅಧಿಕಾರಿಗಳು ಈ ಕಂಪನಿಗಳ ಸುಮಾರು 50 ಶಾಖೆಗಳಿಗೆ ಬೀಗ ಹಾಕಿಸಿದರು. ಸಂಧಾನವಾಯಿತು, ಕಂಪನಿಗಳು ತಾವೇ ಒಂದು ನೀತಿಸಂಹಿತೆ ಒಪ್ಪಿಕೊಂಡವು. ಸ್ವಯಂಪ್ರೇರಿತ! ಮುರಿದರೆ ಕೇಳುವವರಿಲ್ಲ. 2009ರಲ್ಲಿ ನಮ್ಮ ಕೋಲಾರದಲ್ಲೂ ಗಲಾಟೆಯಾಗಿ, ಅಂಜುಮನ್ ಸಮಿತಿಯವರು ಕಂತು ಕಟ್ಟಬೇಡಿ ಅಂದರು.

2010ರ ಆಗಸ್ಟ್‌ನಲ್ಲಿ ಎಸ್‌ಕೆಎಸ್ ಷೇರುಪೇಟೆಗೆ ಬಂತು. ಷೇರಿಗೆ 985 ರೂಪಾಯಿ, ಬೇಡಿಕೆ 13 ಪಟ್ಟಿಗೂ ಹೆಚ್ಚು. ಎರಡೇ ತಿಂಗಳಲ್ಲಿ ತೆಲುಗು ಪತ್ರಿಕೆಗಳ ತುಂಬ ಸಾಲಗಾರರ ಆತ್ಮಹತ್ಯೆಯ ಸುದ್ದಿ. ಅಕ್ಟೋಬರ್ 15ರಂದು ರೋಶಯ್ಯನವರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಜಿಲ್ಲೆ ಜಿಲ್ಲೆಯಲ್ಲೂ ನೋಂದಣಿ, ವಾರದ ಬದಲು ತಿಂಗಳ ಕಂತು, ವಸೂಲಿ ಮನೆ ಬಾಗಿಲಲ್ಲಿ ಅಲ್ಲ ಗ್ರಾಮ ಪಂಚಾಯತಿ ಕಚೇರಿಯಂಥ ಜಾಗದಲ್ಲಿ, ಬಲವಂತ ಮಾಡಿದರೆ 3 ವರ್ಷದವರೆಗೆ ಜೈಲು. ಬಡ್ಡಿ ಅಸಲನ್ನು ಮೀರಬಾರದು ಎಂಬ ಕಟ್ಟಳೆಯೂ ಇತ್ತು, ನಮ್ಮ ಹಳೆಯ ಧರ್ಮಶಾಸ್ತ್ರದ ದಾಮ್‌ದುಪಟ್ ಹಾಗೆ.

ಒಂದು ಮಾತು ಮರೆಯಬಾರದು. ಸರ್ಕಾರ ಇಲ್ಲಿ ಬರೀ ಅಂಪೈರ್ ಅಲ್ಲ, ಆಟಗಾರನೂ ಹೌದು. ಅದರದೇ ಸ್ವಸಹಾಯ ಸಂಘಗಳಿದ್ದವು, ಅವಕ್ಕೆ "ಪಾವಲಾ ವಡ್ಡಿ" ಯೋಜನೆ ಇತ್ತು. ಪಾವಲಾ ಅಂದರೆ ನಾಲ್ಕಾಣೆ. ನೂರಕ್ಕೆ ತಿಂಗಳಿಗೆ ನಾಲ್ಕಾಣೆ, ವರ್ಷಕ್ಕೆ 3 ರೂಪಾಯಿ. ಅದೇ ಹೆಂಗಸರಿಗೆ ಕಂಪನಿಗಳು ಅದರ ಎಷ್ಟೋ ಪಟ್ಟು ಬಡ್ಡಿಗೆ ಸಾಲ ಕೊಡುತ್ತಿದ್ದವು. ಆದರೂ ಹೆಂಗಸರು ತೆಗೆದುಕೊಂಡರು, ಏಕೆಂದರೆ ಬ್ಯಾಂಕಿನ ಸಾಲ ಬೇಕಾದ ದಿನ ಸಿಗುವುದಿಲ್ಲ. ಇದನ್ನು ಬ್ಯಾಂಕಿನವನಾಗಿಯೇ ಹೇಳುತ್ತಿದ್ದೇನೆ.

ಆಂಧ್ರದಲ್ಲಿ ಮರುಪಾವತಿ ಹೆಚ್ಚುಕಡಿಮೆ ನಿಂತೇ ಹೋಯಿತು. ಕಿರುಕುಳ ನಿಂತಿತು, ಜೊತೆಗೆ ಸಾಲವೂ ನಿಂತಿತು. ಊರಿನ ಬಡ್ಡಿ ವ್ಯಾಪಾರಿಯ ಮೇಲೆ ಈ ಕಾನೂನಿನ ಕಣ್ಣು ಬೀಳಲಿಲ್ಲ. ಬ್ಯಾಂಕುಗಳು ಹಲವು ಕಂಪನಿಗಳ ಸಾಲವನ್ನು ಮರುಹೊಂದಿಸಿ ಕಾಯಬೇಕಾಯಿತು.

ನಿಜವಾಗಿ ನಡವಳಿಕೆ ತಿದ್ದಿದ್ದು, ನನ್ನ ಪ್ರಕಾರ, ಜೈಲಿನ ಭಯ ಅಲ್ಲ. ರಿಸರ್ವ್ ಬ್ಯಾಂಕು ವೈ.ಎಚ್. ಮಾಲೇಗಾಂ ಸಮಿತಿ ನೇಮಿಸಿತು, ವರದಿ 2011ರ ಜನವರಿಯಲ್ಲಿ ಬಂತು. ಆ ವರ್ಷವೇ ಹೊಸ ನಿಯಮ: ಬಡ್ಡಿ 26 ಶೇಕಡಾ ಮೀರಬಾರದು, ಒಬ್ಬಳಿಗೆ ಎರಡಕ್ಕಿಂತ ಹೆಚ್ಚು ಕಂಪನಿಗಳು ಸಾಲ ಕೊಡಬಾರದು. ಇದನ್ನು ಪಾಲಿಸುವ ಕಂಪನಿಗೆ ಕೊಟ್ಟ ಹಣ ಮಾತ್ರ ಬ್ಯಾಂಕಿನ ಆದ್ಯತಾ ವಲಯಕ್ಕೆ ಸೇರುತ್ತದೆ! ನೀರು ಬರುವ ತೂಬಿಗೇ ಕೈ ಹಾಕಿದ ಹಾಗಾಯಿತು. ಕಂಪನಿಗಳ ಸಂಘ ಎಂಫಿನ್‌ಗೆ 2014ರಲ್ಲಿ ಸ್ವಯಂ ನಿಯಂತ್ರಣ ಸಂಸ್ಥೆಯ ಮಾನ್ಯತೆಯೂ ಸಿಕ್ಕಿತು.

2022ರಲ್ಲಿ ರಿಸರ್ವ್ ಬ್ಯಾಂಕು ಬಡ್ಡಿಯ ಮಿತಿ ತೆಗೆದುಹಾಕಿತು. 2023ರ ಫೆಬ್ರವರಿಯಲ್ಲಿ ತೆಲಂಗಾಣ ಹೈಕೋರ್ಟು, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಹಣಕಾಸು ಕಂಪನಿಗಳಿಗೆ 2010ರ ಕಾನೂನು ಅನ್ವಯವಾಗುವುದಿಲ್ಲ ಎಂದಿತು. ಕರ್ನಾಟಕದ ಸುಗ್ರೀವಾಜ್ಞೆಯಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಬರೆದರೂ ಅಂಥ ನೋಂದಾಯಿತ ಸಂಸ್ಥೆಗಳನ್ನು ಹೊರಗಿಟ್ಟರು.

ಈಗ ಉಳಿದಿರುವ ಮುಖ್ಯ ತಡೆ ಒಂದು: ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಸಂಬಳದ ಚೀಟಿ ಇಲ್ಲದ ಕೂಲಿಯವಳ ಮನೆಯಲ್ಲಿ ಆ ಆದಾಯವನ್ನು ಕೇಳಿ ಬರೆದುಕೊಳ್ಳುವವನು ಸಾಲ ಕೊಡಲು ಬಂದ ಹುಡುಗನೇ. ತಿಂಗಳಿಗೆ ಇಷ್ಟು ಸಾಲ ಕೊಡಬೇಕು ಅಂತ ಅವನಿಗೂ ಒಂದು ಗುರಿ ಇರುತ್ತದೆ.