ಕಲಿಸಹೊರಟವರು ಕಲಿತ ಕನ್ನಡ



ಕೆಲವು ತಿಂಗಳ ಹಿಂದೆ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಭಕ್ತರೊಬ್ಬರ ಮನೆಗೆ ಪೂಜೆಯ ನಿಮಿತ್ತ ನಾವು ಹೋಗಿದ್ದೆವು. ಪ್ರಸಾದವಾದ ಬಳಿಕ ಆ ಮನೆಯ ಮಗಳು ಬಂದು ನಮಸ್ಕರಿಸಿ ಒಂದು ಸಂತೋಷದ ಸಂಗತಿಯನ್ನು ಅರಿಕೆ ಮಾಡಿದಳು. ಆಕೆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ. ಸಹಪಾಠಿಗಳ ಒಂದು ತಂಡದೊಡನೆ ಹದಿನೈದು ದಿನ ಹೊರದೇಶಕ್ಕೆ ಹೋಗಿ, ಅಲ್ಲಿನ ಬಡಮಕ್ಕಳಿಗೆ ಕಥೆ, ಹಾಡು, ಆಟಗಳ ಮೂಲಕ ಇಂಗ್ಲಿಷ್ ಭಾಷೆಯನ್ನು ಹೇಳಿಕೊಡುವ ಸೇವಾಕಾರ್ಯ ಅವರದು. ಸಂಬಳವಿಲ್ಲ, ಸ್ವಾರ್ಥವಿಲ್ಲ. ಇಂತಹ ಕಾರ್ಯವನ್ನು ಹರಸದೆ ಇರುವುದುಂಟೆ? ಮನಸಾರೆ ಹರಸಿದೆವು. ಹರಸಿದ ಮೇಲೆ ಸಹಜವಾಗಿ ಒಂದು ಮಾತು ಕೇಳಿದೆವು: "ಆ ಮಕ್ಕಳು ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ತಂಗಿ?" ಆಕೆ ಕ್ಷಣಕಾಲ ತಡೆದು, "ಅಲ್ಲಿ ಹೋದ ಮ್ಯಾಲ ತಿಳೀತದರಿ, ಅಪ್ಪಾರ" ಎಂದಳು.

ಆ ಹೊತ್ತಿಗೆ ಸರಿಯಾಗಿ ನೆರೆಮನೆಯ ಬಾಗಿಲಲ್ಲಿ ಅಜ್ಜಿಯೊಬ್ಬಳು ತನ್ನ ಮೊಮ್ಮಗನನ್ನು ಊಟಕ್ಕೆ ಕರೆಯುತ್ತಿದ್ದಳು. ಕರೆದ ಮಾತು ಕನ್ನಡವಲ್ಲ. ಕಮರಿಪೇಟೆಯನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಇಲ್ಲಿ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದ, ಅಂದರೆ ನಾವು ಸಾವಜಿ ಎಂದೂ ಪಟ್ಟೇಗಾರರೆಂದೂ ಕರೆಯುವವರ ಮನೆಗಳು ಬಹಳ. ಪರಂಪರೆಯಿಂದ ರೇಷ್ಮೆ ನೇಯ್ಗೆಯವರು. ಬೀದಿಯಲ್ಲಿ, ಅಂಗಡಿಯಲ್ಲಿ ನಮ್ಮೆಲ್ಲರಂತೆ ಕನ್ನಡ. ಒಲೆಯ ಮುಂದೆ ಮಾತ್ರ ಗುಜರಾತಿ ಮರಾಠಿಗಳ ಬಳಗಕ್ಕೆ ಸೇರಿದ ತಮ್ಮದೇ ಆಡುನುಡಿ. ಆ ಮನೆಯ ಮಗಳು ಇಪ್ಪತ್ತು ವರ್ಷ ಆ ಅಜ್ಜಿಯ ನೆರೆಯಲ್ಲಿ ಬೆಳೆದವಳು. "ಈಗ ಅಜ್ಜಿ ಏನೆಂದಳು?" ಎಂದು ಕೇಳಿದೆವು. ಆಕೆ ನಕ್ಕು ತಲೆ ತಗ್ಗಿಸಿದಳು. ತಗ್ಗಿಸಬೇಕಾದದ್ದು ಆಕೆಯ ತಲೆ ಒಂದೇ ಅಲ್ಲವೆಂಬುದನ್ನು ಈ ಲೇಖನದ ಕೊನೆಯಲ್ಲಿ ನಿವೇದಿಸುತ್ತೇವೆ. ಅದಕ್ಕೆ ಮುನ್ನ, ಮಕ್ಕಳಿಗೆ ಕಲಿಸಬೇಕೆಂದು ಸಮುದ್ರ ದಾಟಿ ಇದೇ ಹುಬ್ಬಳ್ಳಿ ಧಾರವಾಡಗಳಿಗೆ ಬಂದವರ ಚರಿತ್ರೆಯೊಂದನ್ನು ವಾಚಕರು ಸಾವಧಾನದಿಂದ ಕೇಳಬೇಕು.

1833ರ ಸನದಿನ ಶಾಸನದಿಂದ ಬ್ರಿಟಿಷರಲ್ಲದ ಪಾದ್ರಿಗಳಿಗೂ ಹಿಂದೂಸ್ಥಾನದ ಬಾಗಿಲು ತೆರೆಯಿತು. ಮರುವರ್ಷವೇ, 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ನಿನಿಂದ ಮೂವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ಅವರ ಠಾಣ್ಯಗಳಾದವು. ಬಂದವರಲ್ಲಿ ಹರ್ಮನ್ ಮೋಗ್ಲಿಂಗ್ ಎಂಬಾತ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ಓದಿದ ತರುಣ. 1836ರಲ್ಲಿ ಈ ನಾಡಿಗೆ ಬಂದಾಗ ಆತನ ವಯಸ್ಸು ಇಪ್ಪತ್ತೈದು. ಹೆಚ್ಚುಕಡಿಮೆ ಇಂದು ಹೊರದೇಶಕ್ಕೆ ಹೊರಟಿರುವ ನಮ್ಮ ವಿದ್ಯಾರ್ಥಿಗಳ ಪ್ರಾಯವೇ.

ಇವರು ಬಂದ ಉದ್ದೇಶವೇನೆಂಬುದನ್ನು ಮರೆಮಾಚುವ ಕಾರಣವಿಲ್ಲ. ನಮ್ಮವರನ್ನು ತಮ್ಮ ಮತಕ್ಕೆ ಸೇರಿಸಿಕೊಳ್ಳುವುದೇ ಅವರ ಗುರಿ. ವಿಶೇಷವಾಗಿ ಲಿಂಗವಂತರ ಮೇಲೆ ಅವರ ದೃಷ್ಟಿ ಬಿದ್ದಿತ್ತು. ಕಾಲಜ್ಞಾನದ ವಚನಗಳನ್ನು ನಂಬಿದ್ದ ಒಂದು ಪಂಗಡದವರು ಈ ಪಾದ್ರಿಗಳನ್ನು ಕಂಡು ಮಾತನಾಡಿದಾಗ, ಸಾವಿರಾರು ಮಂದಿ ಒಮ್ಮೆಗೇ ತಮ್ಮ ಕಡೆ ಬರುವರೆಂಬ ಆಶೆ ಅವರಲ್ಲಿ ಹುಟ್ಟಿತು. ಬರುವವರ ನೆಲೆಗಾಗಿ ಗದಗಿನ ಹತ್ತಿರದ ಮಲಸಮುದ್ರದಲ್ಲಿ ಜಮೀನನ್ನೂ ಮಾಡಿದರು. ಆದರೆ ಎಣಿಸಿದವರು ಬರಲಿಲ್ಲ. ಶರಣರು ಊರಿದ ಬೇರು ಆಳವಾಗಿತ್ತು. ಬೆಳೆ ಬರಲಿಲ್ಲವೆಂದು ಬಂದವರು ನೇಗಿಲು ಹೊತ್ತು ಹಿಂದಿರುಗಿದರೆ? ಇಲ್ಲ. ಇಲ್ಲಿಂದಲೇ ನಮಗೆ ಬೇಕಾದ ಕಥೆ ಮೊದಲಾಗುತ್ತದೆ.

ಶಾಲೆಯನ್ನು ತೆರೆದವರಿಗೆ ಮೊದಲು ಎದುರಾದ ಪ್ರಶ್ನೆ, ಯಾವ ಭಾಷೆಯಲ್ಲಿ ಕಲಿಸುವುದು ಎಂಬುದು. ತಮ್ಮ ಜರ್ಮನ್ ಭಾಷೆಯನ್ನು ಇಲ್ಲಿನ ಮಕ್ಕಳು ಕಲಿಯಲೆಂದು ಅವರು ಹಟ ಹಿಡಿಯಲಿಲ್ಲ. ತಾವೇ ಕನ್ನಡದ ಮಕ್ಕಳಾದರು. ಮೋಗ್ಲಿಂಗರು ಮಂಗಳೂರಿನಿಂದ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು; ಅದು ಕನ್ನಡದ ಮೊದಲ ವೃತ್ತಪತ್ರಿಕೆ. ಓದುವುದಕ್ಕೆ ಒಳ್ಳೆಯ ಕನ್ನಡ ಗ್ರಂಥಗಳು ಅಚ್ಚಾಗಿಲ್ಲವೆಂದು ಮನಗಂಡು, ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ, 1848ರಿಂದ ಮುಂದೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಹಳೆಯ ಕಾವ್ಯಗಳನ್ನು ಅಚ್ಚು ಹಾಕಿಸಿದರು. ಆ ಮಾಲೆಯಲ್ಲಿ ಜೈಮಿನಿ ಭಾರತವಿತ್ತು, ದಾಸರ ಪದಗಳಿದ್ದವು, ನಮ್ಮ ಬಸವಪುರಾಣವೂ ಇತ್ತು. ತಮ್ಮ ಮತವನ್ನು ಬಿತ್ತಲು ಬಂದವರು ನಮ್ಮ ಪುರಾಣವನ್ನು ಅಚ್ಚಿನ ಮನೆಗೆ ಕೊಂಡೊಯ್ದರು!

ಹುಬ್ಬಳ್ಳಿಯವರು ಹೆಚ್ಚು ನೆನೆಯಬೇಕಾದ ಹೆಸರು ಗಾಟ್ಲೋಬ್ ವುರ್ಥ್ ಅವರದು. ಹುಬ್ಬಳ್ಳಿ ಸೀಮೆಯಲ್ಲಿದ್ದ ಈ ಪಾದ್ರಿಗಳು 1860ರ ದಶಕದಲ್ಲಿ ಬಸವಪುರಾಣ ಮತ್ತು ಚೆನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದು ಮುಂಬಯಿಯ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು. 1868ರಲ್ಲಿ 'ಪ್ರಾಕ್ಕಾವ್ಯಮಾಲಿಕೆ' ಎಂಬ ಹಳಗನ್ನಡ ಕಾವ್ಯಸಂಗ್ರಹವನ್ನು ಅಣಿಗೊಳಿಸಿದರು. ಪರದೇಶದಲ್ಲಿ ಹುಟ್ಟಿದವನು, ನಮ್ಮ ಕವಿಗಳ ಕಾವ್ಯವನ್ನು ಆರಿಸಿ ನಮ್ಮವರ ಓದಿಗೇ ಕೊಟ್ಟನೆಂಬುದು ಸಾಮಾನ್ಯ ಸಂಗತಿಯೆ?

ಫರ್ಡಿನೆಂಡ್ ಕಿಟ್ಟೆಲ್ಲರ ಕಥೆ ಧಾರವಾಡದವರಿಗೆ ಹೇಳಬೇಕಾದುದಿಲ್ಲ. 1853ರಲ್ಲಿ ಇಪ್ಪತ್ತೊಂದು ವರ್ಷದ ತರುಣನಾಗಿ ಬಂದವರು. ಇಲ್ಲಿನವರಂತೆ ಬಾಳಬೇಕು, ಇಲ್ಲಿನವರೊಡನೆ ಬೆರೆಯಬೇಕೆಂದು ಹಂಬಲಿಸಿ, ಊರೂರು ನಡೆದು ಮಾತು ಕೇಳಿದರು. ಈ ರೀತಿ ಅವರ ಸಂಸ್ಥೆಯ ಹಿರಿಯರಿಗೇ ಹಿಡಿಸಲಿಲ್ಲ. 1877ರಲ್ಲಿ ಜರ್ಮನಿಗೆ ಮರಳಿದವರು, ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಮತ್ತೆ ಬಂದರು. ಸುಮಾರು 70,000 ಶಬ್ದಗಳ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಬಂದ ವರ್ಷಕ್ಕೂ ನಿಘಂಟಿನ ವರ್ಷಕ್ಕೂ ನಡುವೆ 41 ವರ್ಷಗಳ ಅಂತರ. ಹದಿನೈದು ದಿನಗಳ ಸೇವೆಯನ್ನು ಹೀಗಳೆಯುವುದಕ್ಕಾಗಿ ಈ ಲೆಕ್ಕವನ್ನು ಹೇಳುತ್ತಿಲ್ಲ. ಭಾಷೆಯೆಂಬುದು ಎಂತಹ ಋಣವನ್ನು ಬೇಡುತ್ತದೆಂಬುದು ತಿಳಿಯಲೆಂದು ಹೇಳಿದೆವು. ಮೋಗ್ಲಿಂಗರಿಗೆ 1858ರಲ್ಲಿ, ಕಿಟ್ಟೆಲ್ಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನು ಕೊಟ್ಟದ್ದು ಅದೇ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ. ಕಲಿಸಲೆಂದು ಹೊರಟ ವಿದ್ಯೆ ಕನ್ನಡವನ್ನು ಕಲಿತು ತವರಿಗೆ ಮರಳಿತು.

ಇನ್ನೊಂದು ಸೂಕ್ಷ್ಮವುಂಟು. ಮಂಗಳೂರಿನಲ್ಲಿ ಇವರು ಕನ್ನಡ ಶಾಲೆಗಳನ್ನು ನಡೆಸಿದರು. ಆದರೆ ಅಲ್ಲಿನ ಬಹುಮಂದಿ ಮಕ್ಕಳ ಮನೆಮಾತು ತುಳು. ಅದನ್ನೂ ಅವರು ಬಿಡಲಿಲ್ಲ. 1872ರಲ್ಲಿ ಬ್ರಿಗೆಲ್ ಎಂಬವರು ತುಳು ವ್ಯಾಕರಣವನ್ನು, 1886ರಲ್ಲಿ ಮ್ಯಾನರ್ ಎಂಬವರು ತುಳು ನಿಘಂಟನ್ನು ಹೊರತಂದರು. ಶಾಲೆಯ ಭಾಷೆ ಒಂದು, ಒಲೆಯ ಭಾಷೆ ಇನ್ನೊಂದು ಆಗಿರುವಲ್ಲಿ ಎರಡನ್ನೂ ಕಲಿತವನೇ ಗುರುವೆಂಬುದನ್ನು ಅವರು ನಡೆದು ತೋರಿಸಿದರು. 1914ರ ಮಹಾಯುದ್ಧ ಬಂದಾಗ ಸರಕಾರವು ಜರ್ಮನ್ ಪಾದ್ರಿಗಳನ್ನು ಸೆರೆಯಲ್ಲಿಟ್ಟು ಬಳಿಕ ದೇಶದಿಂದ ಕಳುಹಿಸಿತು. ಅವರು ಹೋದರು, ನಿಘಂಟು, ವ್ಯಾಕರಣ, ಶಾಲೆಗಳು ಉಳಿದವು.

ಹಾಗಾದರೆ ನಮ್ಮವರು ಏನು ಮಾಡಿದರು ಎಂದು ವಾಚಕರು ಕೇಳಬಹುದು. ಕೇಳಲೇಬೇಕು. ಅಂದಿನ ಧಾರವಾಡ ಸೀಮೆಯ ಸ್ಥಿತಿಯನ್ನು ನೆನೆಯಿರಿ. ಪೇಶವೆಯರ ಆಳಿಕೆಯ ತರುವಾಯ ಮುಂಬಯಿ ಸರಕಾರ ಬಂದಿತು; ಕಚೇರಿಯಲ್ಲಿ ಮರಾಠಿ, ಶಾಲೆಯಲ್ಲಿಯೂ ಮರಾಠಿ. ಮನೆಯಲ್ಲಿ ಅವ್ವನಿಂದ ಕನ್ನಡ ಕೇಳಿ ಬಂದ ಕೂಸು, ಶಾಲೆಯ ಹೊಸ್ತಿಲು ದಾಟಿದೊಡನೆ ಮೂಕವಾಗುತ್ತಿತ್ತು. ಅದರ ಮಾತಿಗೆ ಅಲ್ಲಿ ಮರ್ಯಾದೆಯಿಲ್ಲ. ಈ ಅನ್ಯಾಯವನ್ನು ತಡೆಯಲು ನಿಂತವರು ಡೆಪ್ಯುಟಿ ಚನ್ನಬಸಪ್ಪನವರು. 1833ರಲ್ಲಿ ಧಾರವಾಡದಲ್ಲಿ ಜನಿಸಿ, ಪುಣೆಗೆ ಹೋಗಿ ಕಲಿತು, ವಿದ್ಯಾಖಾತೆಯ ಅಧಿಕಾರಿಯಾದ ಈ ಮಹನೀಯರು ಊರೂರಿಗೆ ಹೋಗಿ, ನಿಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿರೆಂದು ತಂದೆತಾಯಿಗಳನ್ನು ಬೇಡಿಕೊಂಡರು. ರಸೆಲ್ ಎಂಬ ಇಂಗ್ಲಿಷ್ ಅಧಿಕಾರಿಯ ಬೆಂಬಲವೂ ಅವರಿಗಿತ್ತು. ಆ ಕಾಲದಲ್ಲಿ ಶಿಕ್ಷಕರಿಗಾಗಿ ಹೊರಟ ಮಾಸಪತ್ರಿಕೆಯ ಮೊದಲ ಹೆಸರು 'ಮಠಪತ್ರಿಕೆ'; ಮುಂದೆ ಅದು 'ಶಾಲಾಪತ್ರಿಕೆ' ಎಂದಾಯಿತು. ಮಠವೆಂದರೆ ಶಾಲೆಯೆಂದೇ ನಮ್ಮ ಹಿರಿಯರ ತಿಳಿವಳಿಕೆಯಾಗಿತ್ತೆಂಬುದನ್ನು ನಮ್ಮ ಮಠದಲ್ಲಿ ಓದಿದವರು ನೆನಪಿನಲ್ಲಿಡತಕ್ಕದ್ದು.

ಚನ್ನಬಸಪ್ಪನವರು ಕಡಿದ ದಾರಿಯಲ್ಲಿಯೇ 1883ರಲ್ಲಿ ಧಾರವಾಡದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1916ರಲ್ಲಿ ಬೆಳಗಾವಿಯ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿದವು. ಮಠಗಳು ಪ್ರಸಾದ ನಿಲಯಗಳನ್ನು ತೆರೆದವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವೂ ಆಯಿತು. ಮೂಕವಾಗಿದ್ದ ಕೂಸಿಗೆ ಮಾತು ಬಂದಿತು.

ಮಾತು ಬಂದ ಕೂಸು ಈಗ ದೊಡ್ಡದಾಗಿದೆ. ಒಮ್ಮೆ ಮರಾಠಿ ಶಾಲೆಯಲ್ಲಿ ನಾಚಿ ನಿಂತಿದ್ದವರ ಮೊಮ್ಮಕ್ಕಳು ಇಂದು ಕನ್ನಡ ಶಾಲೆಯ ಒಡೆಯರು. ತನ್ನ ಬಾಗಿಲಿಗೆ ಬಂದ ಬೇರೆ ನುಡಿಯ ಕೂಸನ್ನು ಅದು ಹೇಗೆ ನಡೆಸಿಕೊಂಡಿದೆ?

ಉತ್ತರವನ್ನು ಬೇರೆಯವರ ಮೇಲೆ ಹೊರಿಸದೆ ನಮ್ಮಿಂದಲೇ ಆರಂಭಿಸುವೆವು. ಮೂವತ್ತರ ಪ್ರಾಯದಲ್ಲಿ ನಾವು ಹುಬ್ಬಳ್ಳಿಯಲ್ಲಿ ಕೆಲಕಾಲ ಮಕ್ಕಳಿಗೆ ಸಂಜೆಯ ಪಾಠ ಹೇಳುತ್ತಿದ್ದೆವು. ವಿಶ್ವವಿದ್ಯಾನಿಲಯದ ಪದವಿಯ ಬಿಸಿ ಇನ್ನೂ ಆರಿರಲಿಲ್ಲ. ಕಮರಿಪೇಟೆಯಿಂದ ಬರುತ್ತಿದ್ದ ಏಳೆಂಟು ವರ್ಷದ ಹುಡುಗನೊಬ್ಬ ಓದುವಾಗ ಕನ್ನಡದ ನಡುವೆ ಮನೆಯ ಮಾತುಗಳನ್ನು ಸೇರಿಸುತ್ತಿದ್ದ. ಒಂದು ದಿನ ಎಲ್ಲರೆದುರಿಗೆ ಅವನನ್ನು ನಿಲ್ಲಿಸಿ, "ಇದು ಭಾಷೆಯೇ ಅಲ್ಲ, ಮೊದಲು ಶುದ್ಧವಾಗಿ ಮಾತಾಡುವುದನ್ನು ಕಲಿ" ಎಂದು ಗದರಿಸಿದೆವು. ಮಕ್ಕಳು ನಕ್ಕರು. ಮರುದಿನ ಅವನು ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಕರೆದುಕೊಂಡು ಬರಲು ನಾವೂ ಹೋಗಲಿಲ್ಲ. ಚನ್ನಬಸಪ್ಪನವರ ಮೇಲೆ ಅದೇ ವರ್ಷ ಭಾಷಣ ಮಾಡಿದ್ದೆವೆಂಬುದನ್ನು ನೆನೆದರೆ ಇಂದಿಗೂ ಲಜ್ಜೆಯಾಗುತ್ತದೆ. ಅಜ್ಜಿ ಮೊಮ್ಮಗನನ್ನು ಕರೆದ ದನಿ ಕೇಳಿದಾಗ ನಮಗೆ ನೆನಪಾದವನು ಆ ಹುಡುಗ.

ಶರಣಧರ್ಮದ ಮಕ್ಕಳಾದ ನಾವು ಹೀಗೆ ಮಾಡಬಹುದಾಗಿತ್ತೆ? ಆದಯ್ಯನವರು ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದವರೆಂದು ನಮ್ಮ ಪುರಾಣಗಳು ಹೇಳುತ್ತವೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದವರೆಂದು ಪ್ರತೀತಿ. ಇವರ ತಾಯ್ನುಡಿ ಕನ್ನಡವಾಗಿರಲಿಲ್ಲ. ಆದರೂ ಇಬ್ಬರೂ ಕನ್ನಡದಲ್ಲಿ ವಚನಗಳನ್ನು ರಚಿಸಿದರು. ನಿನ್ನ ಮಾತು ಮಾತೇ ಅಲ್ಲವೆಂದು ಬಾಗಿಲಲ್ಲಿ ಯಾರಾದರೂ ಅವರನ್ನು ಗದರಿಸಿದ್ದರೆ ಆ ವಚನಗಳು ನಮಗೆ ದೊರೆಯುತ್ತಿದ್ದವೆ? ಮೊದಲು ಬರಮಾಡಿಕೊಂಡರು, ಭಾಷೆ ತಾನಾಗಿ ಬಂದಿತು. ಕಮರಿಪೇಟೆಯ ಅಜ್ಜಿಯ ನುಡಿಗೂ ಆದಯ್ಯನವರ ತವರಿನ ನುಡಿಗೂ ಬಳಗದ ಸಂಬಂಧವಿದೆಯೆಂಬುದನ್ನು ನಾವು ಬಹಳ ತಡವಾಗಿ ತಿಳಿದೆವು.

ಇಂದು ನಮ್ಮ ಮಠದಲ್ಲಿ ಓದಿದ ಅನೇಕರು ಹೊರದೇಶಗಳಲ್ಲಿ ನೆಲೆಸಿದ್ದಾರೆ. ವಾರದ ರಜೆಯಲ್ಲಿ ಸಂಬಳವಿಲ್ಲದೆ ಮಕ್ಕಳನ್ನು ಕೂಡಿಸಿ ಕನ್ನಡ ಅಕ್ಷರ ತಿದ್ದಿಸುತ್ತಾರೆ. ನಮ್ಮ ಕೂಸು ಪರರ ನಾಡಿನ ಶಾಲೆಯಲ್ಲಿ ಮನೆಮಾತನ್ನು ಆಡಿದಾಗ ಯಾರೂ ನಗಬಾರದೆಂಬುದು ಅವರೆಲ್ಲರ ಆಶೆ. ಮಾತೃಭಾಷೆಗಾಗಿ ಢಾಕಾದಲ್ಲಿ 1952ರಲ್ಲಿ ಪ್ರಾಣಕೊಟ್ಟವರ ನೆನಪಿಗಾಗಿ ಯುನೆಸ್ಕೋ ಸಂಸ್ಥೆಯು ಫೆಬ್ರುವರಿ 21ನ್ನು ವಿಶ್ವ ಮಾತೃಭಾಷಾ ದಿನವೆಂದು 1999ರಲ್ಲಿ ಸಾರಿದುದೂ ಇದೇ ಆಶೆಯಿಂದ. ಅಲ್ಲಿ ನಮ್ಮ ಕೂಸಿಗೆ ಬೇಡುವ ಮರ್ಯಾದೆಯನ್ನು ಇಲ್ಲಿ ನೆರೆಯ ಕೂಸಿಗೆ ಕೊಡಲಾರೆವಾದರೆ, ಬೇಡುವ ಅಧಿಕಾರ ನಮಗೆಲ್ಲಿಯದು?

ಆ ದಿನ ಆ ವಿದ್ಯಾರ್ಥಿನಿಗೆ ಹೋಗಬೇಡವೆನ್ನಲಿಲ್ಲ. ಹೋಗು ತಂಗಿ, ಆದರೆ ಹೊರಡುವ ಮುನ್ನ ಆ ಮಕ್ಕಳ ಮನೆಮಾತಿನ ಇಪ್ಪತ್ತು ಶಬ್ದಗಳನ್ನು ಕಲಿತುಕೋ; ಅಲ್ಲಿ ಮೊದಲ ದಿನ ನೀನು ಕಲಿಸಬೇಡ, ಅವರಿಂದ ಕಲಿ; ನಿನ್ನ ತಪ್ಪನ್ನು ತಿದ್ದುವ ಸಂತೋಷವನ್ನು ಅವರಿಗೆ ಕೊಡು, ಎಂದು ಹೇಳಿದೆವು. ಆಕೆ ಬುದ್ಧಿವಂತೆ. ಇದ್ದ ಹಾಗೆಯೇ ಎದ್ದು ನೆರೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ನಗುನಗುತ್ತ ಬಂದು, ಅಜ್ಜಿ ಮೊಮ್ಮಗನನ್ನು ಕರೆದ ಆ ಮಾತನ್ನು ನಮಗೆ ಒಪ್ಪಿಸಿದಳು. ನಾವೂ ಒಮ್ಮೆ ಹೇಳಿ ನೋಡಿದೆವು. ನಮ್ಮ ಉಚ್ಚಾರಣೆ ಸರಿಯಾಗಲಿಲ್ಲ. ಬಾಗಿಲಿಗೆ ಬಂದು ನಿಂತಿದ್ದ ಆ ಮೊಮ್ಮಗ ಗಟ್ಟಿಯಾಗಿ ನಕ್ಕು ತಿದ್ದಿದನು. ತಿದ್ದಿಸಿಕೊಂಡೆವು.

ವಾಚಕರೇ, ನಿಮ್ಮ ಓಣಿಯಲ್ಲಿಯೂ ಅಂತಹ ಒಂದು ಬಾಗಿಲು ಇದ್ದೇ ಇರುತ್ತದೆ. ದೂರದ ಸೇವೆಗೆ ಹೊರಡುವ ಮುನ್ನ ಒಮ್ಮೆ ಅಲ್ಲಿ ನಿಂತು ಹೋಗಿರಿ.